ಕುದಿಯದ ನೀರು

ರಚನಾಳೂ ಅವಳ ಅತ್ತೆ ನಾಗರತ್ನಮ್ಮನೂ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಕಾರಣ ಕೇಳಿದರೆ ನಗು ಬರಬೇಕು. ಮೊಮ್ಮಗಳು ಮೌನಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ ಅಂತ ಅತ್ತೆ ನೆಂಟರೆದುರು ಆಡಿಕೊಂಡರು. ಊರ ಮಕ್ಕಳಿಗೆಲ್ಲ ಪಾಠ ಹೇಳುವವಳ ಮಗಳು ನೋಡಿ ಅಂತ ಒಗ್ಗರಣೆಯನ್ನೂ ಹಾಕಿದರು. ಸೊಸೆ ಎದುರುತ್ತರ ಕೊಟ್ಟಳು. ಅಷ್ಟೇ. ಆಮೇಲೆ ವೆಸ್ಟ್ ಮಾಂಬಲಂನ ಆ ಫ್ಲ್ಯಾಟಿನಲ್ಲಿ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ. ಮಗ ಶ್ರೀನಾಥ್, ಪುಣ್ಯಾತ್ಮ, ಅಮ್ಮನಿಗೂ ಹೆಂಡತಿಗೂ ಅಂತೂ ಹೊಂದಿಕೆಯಾಯಿತು ಅಂದುಕೊಂಡು ಹಾಯಾಗಿದ್ದ.

ರಚನಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವಳು. ಮೆಟಾಸ್ಟೆಬಿಲಿಟಿ ಪಾಠ ಬಂದಾಗಲೆಲ್ಲ ನೀರಿನ ಉದಾಹರಣೆ ಕೊಡುತ್ತಿದ್ದಳು. ನುಣುಪಾದ ಗಾಜಿನ ಲೋಟದಲ್ಲಿ ಅಲುಗಾಡಿಸದೆ ಕಾಯಿಸಿದರೆ, ನೀರು ಕುದಿಯುವ ಬಿಸಿ ದಾಟಿಯೂ ಒಂದು ಗುಳ್ಳೆ ಏಳಿಸದೆ ನಿಲ್ಲಬಲ್ಲದು. ನೋಡುವವರಿಗೆ ಶಾಂತ. ಆದರೆ ಅದು ಸ್ಥಿರತೆಯಲ್ಲ, ಒಂದು ನೆಪ ಸಿಗುವವರೆಗಿನ ತಡೆ. ಚಿಟಿಕೆ ಪುಡಿ ಬಿದ್ದರೂ ಸಾಕು, ಲೋಟದ ನೀರೆಲ್ಲ ಮುಖಕ್ಕೆ ಸಿಡಿಯುತ್ತದೆ.

ಆ ಭಾನುವಾರ ಸಂಜೆ ಸಿಲಿಂಡರ್ ಖಾಲಿಯಾಗಿತ್ತು. ನಾಗರತ್ನಮ್ಮ ಜೀರಿಗೆ-ಕೊತ್ತಂಬರಿ ಕಷಾಯಕ್ಕೆಂದು ಗಾಜಿನ ಲೋಟದಲ್ಲಿ ನೀರು ತುಂಬಿ ಮೈಕ್ರೋವೇವ್‌ನಲ್ಲಿಟ್ಟರು. ಬಾಗಿಲು ತೆರೆದು ನೋಡಿದರೆ ಗುಳ್ಳೆಯಿಲ್ಲ. ಕೊತಕೊತ ಕುದಿಯದ ನೀರಿಗೆ ಕಷಾಯದ ಪುಡಿ ಹಾಕುವ ಪೈಕಿ ಅವರಲ್ಲ. ಇನ್ನೊಂದು ಸಲ ಕಾಯಿಸಿದರು. ಆಗಲೂ ಗುಳ್ಳೆಯಿಲ್ಲ. ಇದೆಂಥ ಹಾಳು ಪೆಟ್ಟಿಗೆಯೋ ಅಂತ ಗೊಣಗಿಕೊಂಡು ಮೂರನೆಯ ಸಲ ಕಾಯಿಸಿ ಲೋಟ ಹೊರಗೆ ತೆಗೆದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಚನಾ ಗುಳ್ಳೆಯಿಲ್ಲದ ಆ ನೀರನ್ನು ನೋಡಿದಳು. ಅತ್ತೆ, ಪುಡಿ ಹಾಕಬೇಡಿ ಅನ್ನಬೇಕು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ನಾನೇ ಯಾಕೆ ಮೊದಲು ಬಾಯಿ ಬಿಡಲಿ ಎಂಬ ಹಾಳು ಹಟ ಒಂದು ಗಳಿಗೆ ಅಡ್ಡ ನಿಂತಿತು. ಅಷ್ಟರಲ್ಲಿ ಅತ್ತೆ ಲೋಟದ ಮೇಲೆ ಬಗ್ಗಿ ಪುಡಿ ಸುರಿದಿದ್ದರು.

ಆಸ್ಪತ್ರೆಯಲ್ಲಿ ನಾಗರತ್ನಮ್ಮನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಬಲಗಣ್ಣಿನ ಆಸೆ ಬಿಡಿ ಅಂದರು ಡಾಕ್ಟರು. ಶ್ರೀನಾಥ್ ಹೆಂಡತಿಯತ್ತ ತಿರುಗಿ, ನೀರು ಹೀಗೂ ಸಿಡಿಯುತ್ತೆ ಅಂತ ನಿನಗೆ ಗೊತ್ತಿರಲಿಲ್ಲವಾ ಎಂದು ಕೇಳಿದ. ಅವಳು ಉತ್ತರ ಹುಡುಕುವ ಮೊದಲೇ ಮಂಚದಿಂದ ದನಿ ಬಂತು.

"ಅವಳನ್ನ ಯಾಕೋ ಕೇಳ್ತೀಯ? ಗೊತ್ತಿದ್ದಿದ್ರೆ ಹೇಳ್ದೆ ಇರ್ತಿದ್ಲಾ? ನನ್ನ ಮೇಲೆ ಕೋಪ ಇರಬಹುದು. ಅಷ್ಟು ಕೆಟ್ಟವಳಲ್ಲ ಕಣೋ ನನ್ನ ಸೊಸೆ."

ಆಮೇಲೆ ಕೈ ಚಾಚಿ ಗಾಳಿಯಲ್ಲಿ ತಡಕಾಡುತ್ತ ಕೇಳಿದರು: "ರಚನಾ, ಇಲ್ಲೇ ಇದ್ದೀಯೇನಮ್ಮಾ?"

ಇದ್ದೇನೆ ಅನ್ನುವುದಕ್ಕೂ ರಚನಾಳಿಗೆ ಬಾಯಿ ಬರಲಿಲ್ಲ.