ಬೇಕರಿ ಭಾವ ಕರುಳು ತೋರಿಸಿಕೊಂಡದ್ದು

ಬೇಕರಿ ಮುಂದಿನ ಬೆಂಚಿನ ಮೇಲೆ ಕೂತರೆ ಇಡೀ ಬೀದಿಯ ಆರೋಗ್ಯ ಗೊತ್ತಾಗುತ್ತಿತ್ತು. ಯಾರಿಗೆ ಮಂಡಿ ನೋವು, ಯಾರಿಗೆ ಬಿಪಿ, ಯಾರ ಹಲ್ಲು ಅಲ್ಲಾಡುತ್ತಿದೆ, ಎಲ್ಲಕ್ಕೂ ಅಲ್ಲಿ ಸಭೆ ಸೇರುತ್ತಿತ್ತು. ಆದರೆ ಬೆಳಗ್ಗೆ ಪಾಯಿಖಾನೆಯಲ್ಲಿ ಏನಾಯಿತು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಅದೊಂದಕ್ಕೆ ಎಲ್ಲರ ಬಾಯಿಗೂ ಬೀಗ!

ಬೇಕರಿ ಯಜಮಾನನ ಅಣ್ಣನೂ ಹಾಗೇ ಬಾಯಿ ಮುಚ್ಚಿಕೊಂಡಿದ್ದ. ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿ ಇರಬೇಕು ಎಂದು ತಿಂಗಳುಗಟ್ಟಲೆ ತಳ್ಳಿದ. ಕೊನೆಗೆ ಪರೀಕ್ಷೆ ಮಾಡಿಸಿದರೆ ದೊಡ್ಡ ಕರುಳಿನ ಕ್ಯಾನ್ಸರ್! ಆಪರೇಷನ್ ಆಗಿದೆ, ಚಿಕಿತ್ಸೆ ನಡೆಯುತ್ತಿದೆ. ಒಡಹುಟ್ಟಿದವರೂ ಕರುಳು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಯಜಮಾನನ ಹೆಂಡತಿಯ ತಂಗಿ ಆಸ್ಪತ್ರೆಯಲ್ಲಿ ನರ್ಸು. ಅವಳು "ಭಾವ, ಭಾವ" ಎಂದು ಕೂಗಿ ಕೂಗಿ ಇಡೀ ಬೀದಿಗೇ ಅವನು ಭಾವನಾಗಿಬಿಟ್ಟಿದ್ದ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ಸೀದಾ ಒಳಗೆ ನುಗ್ಗಿದಳು.

"ಭಾವ, ನಮ್ಮ ಆಸ್ಪತ್ರೆಗೆ ಯಾವಾಗ ಬರ್ತೀರ?"

"ನಾನ್ಯಾಕಮ್ಮ ಬರ್ಲಿ? ಕಲ್ಲು ತಿಂದ್ರೂ ಅರಗುತ್ತೆ ನಂಗೆ. ನೋವಿಲ್ಲ, ರಕ್ತ ಇಲ್ಲ. ಇರಲಾರದೆ ಇರುವೆ ಬಿಟ್ಕೊಳ್ಳೋದು ಯಾಕೆ?"

"ನೋವು ಬರೋಕೆ ಮುಂಚೆನೇ ನೋಡ್ಬೇಕು ಭಾವ. ಪಾಲಿಪ್ ಅಂದ್ರೆ ದೊಡ್ಡ ಕರುಳಿನ ಒಳಗೋಡೆ ಮೇಲೆ ಏಳೋ ಸಣ್ಣ ಗಂಟು. ನಿಮ್ಮ ಹಿಟ್ಟಿನ ಮೇಲೆ ಗುಳ್ಳೆ ಏಳಲ್ವಾ, ಹಾಗೆ. ಬಹಳಷ್ಟು ಪಾಲಿಪ್ ಏನೂ ಮಾಡಲ್ಲ. ಕೆಲವು ಮಾತ್ರ ಸದ್ದಿಲ್ದೆ ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗ್ತವೆ. ಕೊಲೊನೋಸ್ಕೋಪಿ ಮಾಡಿದ್ರೆ ಕಾಣುತ್ತೆ, ಸಾಮಾನ್ಯವಾಗಿ ಅಲ್ಲೇ ತೆಗೆದೂ ಬಿಡ್ತಾರೆ."

"ಕೊಲೊ... ಅದೇನದು?"

"ತುದೀಲಿ ಕ್ಯಾಮೆರಾ ಇರೋ ಸಣ್ಣ ಕೊಳವೆ. ಬಾಗುತ್ತೆ, ಬಳುಕುತ್ತೆ."

"ಬಾಯಿಂದ ಹಾಕ್ತಾರಾ?"

"ಇಲ್ಲ ಭಾವ. ಹಿಂದುಗಡೆಯಿಂದ."

ಭಾವನ ಕೈಯಲ್ಲಿದ್ದ ಟ್ರೇ ಠಣ್ಣೆಂದು ಬಿತ್ತು. "ಏಯ್! ಮಾನ ಮರ್ಯಾದೆ ಬೇಡ್ವಾ ಮನುಷ್ಯನಿಗೆ?"

"ಮಾನ ಇರೋಕೆ ಮನುಷ್ಯ ಇರ್ಬೇಕಲ್ಲ ಭಾವ!"

ಭಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಭಾನುವಾರ ಅಣ್ಣನನ್ನು ನೋಡಲು ಹೋದ. ಎತ್ತಿನಂತಿದ್ದ ಅಣ್ಣ ಈಗ ದಿಂಬಿಗೆ ಒರಗಿ ಕೂತಿದ್ದ. ಅಂಗಿ ಭುಜದಿಂದ ಜಾರುತ್ತಿತ್ತು.

"ಇದು ರಾತ್ರೋರಾತ್ರಿ ಬಂದಿದ್ದಲ್ವಂತೆ ಕಣೋ," ಎಂದ ಅಣ್ಣ. "ಮೊದ್ಲು ಸಣ್ಣ ಪಾಲಿಪ್ ಆಗಿತ್ತಂತೆ. ಆಗ್ಲೇ ತೆಗೆಸಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ. ನಂಗೆ ನಾಚಿಕೆ ಅಡ್ಡ ಬಂತು. ನಿಂಗೂ ಅದೇ ಅಡ್ಡ ಬರ್ಬೇಕಾ?"

ಭಾವ ಅಣ್ಣನ ಜಾರಿದ ಅಂಗಿಯನ್ನು ಮತ್ತೆ ಭುಜಕ್ಕೆ ಏರಿಸಿದ. ಮನೆಗೆ ಬಂದವನೇ ನಾದಿನಿಗೆ ಫೋನ್ ಮಾಡಿದ. "ಬರ್ತೀನಮ್ಮ. ಬೀದಿಗೆಲ್ಲ ಸಾರಬೇಡ, ಅಷ್ಟೇ."

ಪರೀಕ್ಷೆಯ ಹಿಂದಿನ ದಿನ ಗಟ್ಟಿ ಆಹಾರ ಮುಟ್ಟುವಂತಿಲ್ಲ. ತಿಳಿಯಾದ ಪಾನೀಯ ಮಾತ್ರ. ಸಂಜೆ ಕರುಳು ತೊಳೆಯುವ ಔಷಧಿ. "ಕೆಲಸಕ್ಕೇನು ಅಡ್ಡಿ?" ಎಂದು ಭಾವ ಓವನ್ ಮುಂದೆ ನಿಂತ. ಅಲ್ಲೇ ಆಗಿದ್ದು ಎಡವಟ್ಟು! ಪ್ರತಿ ಟ್ರೇ ಹೊರಬಂದಾಗಲೂ ಒಂದು ಮೂಲೆ ಮುರಿದು ಬಾಯಿಗೆ ಹಾಕಿ ಹದ ನೋಡುವುದು ಅವನ ಹಳೇ ಚಾಳಿ. ಕೈಗೆ ಅಭ್ಯಾಸ, ಬಾಯಿಗೆ ಅಭ್ಯಾಸ, ತಲೆಗೆ ಸುದ್ದಿಯೇ ಇಲ್ಲ. ಎಳ್ಳು ಹಾಕಿದ ಬ್ರೆಡ್ಡು ಎರಡು ಟ್ರೇ ಹದ ನೋಡಿ ಮೂರನೆಯದಕ್ಕೆ ಕೈ ಹಾಕಿದಾಗ ಹೆಂಡತಿ ಕಂಡಳು.

"ರೀ! ಬಾಯಲ್ಲೇನ್ರೀ?"

"ಏನಿಲ್ವೇ..." ಎಂದಾಗ ಬಾಯಿಂದ ಎಳ್ಳು ಉದುರಿತು.

ಹೆಂಡತಿ ತಂಗಿಗೆ ಫೋನ್ ಹಚ್ಚಿದಳು. ಪರೀಕ್ಷೆ ಮುಂದಕ್ಕೆ ಹೋಯಿತು. ಭಾವನಿಗೆ ಒಳಗೊಳಗೇ ಖುಷಿ. "ದೇವರಿಗೇ ಬೇಡ ಅನಿಸಿದೆ, ಬಿಡಿ ಅತ್ಲಾಗೆ!"

"ದೇವರಲ್ಲ ಭಾವ, ನಿಮ್ಮ ನಾಲಿಗೆ!" ಫೋನಿನಲ್ಲೇ ನಾದಿನಿ ಗದರಿದಳು. "ಕರುಳು ಕ್ಲೀನ್ ಇಲ್ದಿದ್ರೆ ಸಣ್ಣ ಪಾಲಿಪ್ ಎಳ್ಳಿನ ಹಿಂದೇನೇ ಅಡಗಿ ಕೂರುತ್ತೆ. ಮುಂದಿನ ವಾರ ಬನ್ನಿ."

ಮುಂದಿನ ವಾರ ಹೆಂಡತಿ ಅವನನ್ನು ಬೇಕರಿ ಹೊಸಿಲು ದಾಟಲೂ ಬಿಡಲಿಲ್ಲ. ಸಂಜೆ ಔಷಧಿ ಕುಡಿದದ್ದೇ ತಡ, ಭಾವನ ಓಟ ಶುರುವಾಯಿತು. ಒಂದು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಕರೆ! "ಅಯ್ಯೋ, ಇಷ್ಟೆಲ್ಲ ಎಲ್ಲಿತ್ತೇ ನನ್ನೊಳಗೆ?" ಎಂದು ಒಳಗಿಂದಲೇ ಕೂಗಿದ. ಹೊರಗೆ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು.

ಬೆಳಗ್ಗೆ ಆಸ್ಪತ್ರೆಯಲ್ಲಿ ಮೈತುಂಬ ಬಟ್ಟೆ ಹೊದಿಸಿ ಮಲಗಿಸಿದರು. ನಿದ್ದೆ ಬರಲು ಕೈಗೊಂದು ಇಂಜೆಕ್ಷನ್. ಕಣ್ಣು ಬಿಟ್ಟ ಭಾವ ಗಟ್ಟಿ ಮನಸ್ಸು ಮಾಡಿ ಕೇಳಿದ, "ಯಾವಾಗ ಶುರು ಮಾಡ್ತೀರ?"

"ಮುಗೀತು ಭಾವ!" ಎಂದಳು ನಾದಿನಿ. "ಎರಡು ಪಾಲಿಪ್ ಸಿಕ್ತು, ಎರಡನ್ನೂ ತೆಗೆದ್ರು. ಲ್ಯಾಬಿಗೆ ಹೋಗಿದೆ."

ವರದಿ ಬರುವವರೆಗೆ ಭಾವನ ಬಾಯಿಗೆ ಯಾವುದೂ ರುಚಿಸಲಿಲ್ಲ. ಬಂದ ದಿನ ಗಂಡ ಹೆಂಡತಿ ಕೈ ಕೈ ಹಿಡಿದು ಡಾಕ್ಟರ ಮುಂದೆ ಕೂತರು.

"ಕ್ಯಾನ್ಸರ್ ಇಲ್ಲ," ಎಂದರು ಡಾಕ್ಟರು. "ಆದ್ರೆ ಒಂದು ಪಾಲಿಪ್ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತೀದು. ಬೇರುಸಹಿತ ಹೋಯ್ತು. ಮತ್ತೆ ಯಾವಾಗ ಪರೀಕ್ಷೆಗೆ ಬರ್ಬೇಕು ಅಂತ ಹೇಳ್ತೀವಿ, ತಪ್ಪಿಸ್ಬೇಡಿ."

ಹೆಂಡತಿ ಅತ್ತಳು, ನಕ್ಕಳು, ಮತ್ತೆ ಅತ್ತಳು. ಭಾವ ಆಸ್ಪತ್ರೆ ಮೆಟ್ಟಿಲ ಮೇಲೇ ನಿಂತು ಅಣ್ಣನಿಗೆ ಫೋನ್ ಮಾಡಿದ. "ಅಣ್ಣಾ, ಗೆದ್ದೆ ಕಣೋ! ನಿನ್ನಿಂದಾನೇ ಗೆದ್ದೆ!" ಆ ಕಡೆಯಿಂದ ಅಣ್ಣನ ನಗು ಕೇಳಿಸಿತು. ಎಷ್ಟೋ ತಿಂಗಳ ಮೇಲೆ, ಹಿಂದಿನಂಥದೇ ದೊಡ್ಡ ನಗು.

ಆಮೇಲೆ, ನೂರು ನೆಪ ಹೇಳಿ ಪರೀಕ್ಷೆ ತಪ್ಪಿಸಿಕೊಳ್ಳುತ್ತಿದ್ದ ತನ್ನ ಒಡಹುಟ್ಟಿದ ತಂಗಿಗೆ ಭಾವನ ಫೋನ್ ಹೋಯಿತು. "ನೋವಾಗುತ್ತಾ ಅಣ್ಣಾ?" ಎಂದಳು ಅವಳು.

"ನಂಗೆ ಒಂಚೂರೂ ಗೊತ್ತೇ ಆಗ್ಲಿಲ್ಲ ಕಣೇ, ನಿದ್ದೆ ಮಾಡ್ತಿದ್ದೆ. ಓಡಾಟ ಮಾತ್ರ ಜಾಸ್ತಿ! ನಿನ್ ಜೊತೆ ನಾನೇ ಬರ್ತೀನಿ."

"ಹಾಗಾದ್ರೆ ಈ ವಾರಾನೇ ಹೋಗೋಣ," ಎಂದಳು ತಂಗಿ.

ಓದುತ್ತಿರುವ ಅಕ್ಕ, ಅಣ್ಣ, ಅತ್ತೆ, ಮಾವ, ಈಗ ನಿಮ್ಮ ಸರದಿ! ನಲವತ್ತೈದು ದಾಟಿದೆಯೇ? ಏನೂ ತೊಂದರೆ ಇಲ್ಲದಿದ್ದರೂ ಕರುಳಿನ ತಪಾಸಣೆ ಬಗ್ಗೆ ಡಾಕ್ಟರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಅದಕ್ಕೂ ಮೊದಲೇ ಕೇಳಿ. ಕೊಲೊನೋಸ್ಕೋಪಿಗೆ ಹೆದರಿಕೆಯೇ? ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಸುಲಭದ ಪರೀಕ್ಷೆಯೂ ಇದೆ, ಅದು ನಿಮಗೆ ಸರಿಹೋಗುತ್ತದೆಯೇ ಎಂದು ವಿಚಾರಿಸಿ. ಆದರೆ ಅದರಲ್ಲಿ ರಕ್ತ ಕಂಡುಬಂದರೆ ಕೊಲೊನೋಸ್ಕೋಪಿ ಮಾಡಿಸಲೇಬೇಕು. ಇನ್ನು ರಕ್ತ ಕಣ್ಣಿಗೇ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ರೀತಿ ಬದಲಾಗಿ ಹಾಗೇ ಉಳಿದರೆ, ಕಾಯಬೇಡಿ, ಕೂಡಲೇ ಹೋಗಿ. ನಾಚಿಕೆ ಒಂದು ಗಳಿಗೆಯದು. ನೀವು ನಮಗೆ ಬಹಳ ವರ್ಷ ಬೇಕು!