ಲಾರಿಗೆ ಎರಡು ಏಟು

"ಏಯ್, ಹಲ್ಲು ಕಿಸೀಬೇಡ. ಇದು ನಿನ್ನ ಗಂಡನ ಕಾಲು ಬೆಂದ ಕತೆ, ಮದುವೆ ಮೆರವಣಿಗೆ ಅಲ್ಲ," ಎಂದ ಮೇಸ್ತ್ರಿ.

ಸಿಡುಕಿಯೇನೂ ಹಲ್ಲು ಕಿಸಿದಿರಲಿಲ್ಲ. ಎದುರು ಬಿಸಿಲಿಗೆ ಮುಖ ಕಿವುಚಿದ್ದಳು, ಅಷ್ಟೆ. ಆದರೆ ಕೂಲಿಯವರ ಮುಖದಲ್ಲಿ ಮೇಸ್ತ್ರಿಗೆ ಕಾಣುತ್ತಿದ್ದದ್ದು ಎರಡೇ, ಒಂದು ಹಲ್ಲು ಕಿಸಿಯುವುದು, ಇನ್ನೊಂದು ಕೊಬ್ಬು. ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಕೆಲಸದ ಜಾಗದಲ್ಲಿ ಎಲ್ಲರ ಬಾಯಲ್ಲೂ ಅವಳು ಸಿಡುಕಿಯೇ. ಬಿಸಿ ಡಾಂಬರು ಕಲಸಿದ ಜಲ್ಲಿಯನ್ನು ಬಾಣಲಿಯಲ್ಲಿ ಹೊತ್ತು ಹೊತ್ತು ನೆತ್ತಿ ಕಾದವಳು ಸಿಡುಕದೆ ಸಂಗೀತ ಹಾಡುತ್ತಾಳೆಯೇ?

ಇವತ್ತು ಅವಳ ಮೈಮೇಲೆ ಹೊಸ ಹಳದಿ ಅಂಗಿ, ತಲೆಗೆ ಹೆಲ್ಮೆಟ್ಟು, ಕಾಲಿಗೆ ದಪ್ಪ ಬೂಟು. ಎಲ್ಲವೂ ಸಂಘದ್ದು. ಸಂಘ ಅಂದರೆ ಡಾಂಬರು ರಸ್ತೆ ಗುತ್ತಿಗೆದಾರರ ಸಂಘ. ಬೆಳಿಗ್ಗೆ ಸಂಘದ ವ್ಯಾನಿನಲ್ಲಿ ಬಂದಿಳಿದ ಬೂಟುಗಳು ಸಂಘದವರು ಕ್ಯಾಮೆರಾದಲ್ಲಿ ಚಿತ್ರ ತೆಗೆದು ಮುಗಿಸಿದ ಮೇಲೆ ಅದೇ ವ್ಯಾನು ಹತ್ತಿ ಹೋಗುತ್ತವೆ ಎಂದು ಕೊಡುವಾಗಲೇ ಹೇಳಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ತನ್ನ ಬೂಟಿನೊಳಗೆ ಕಾಲಾಡಿಸಿ, "ಒಳಗೆ ಒಂದು ಸಂಸಾರ ಹೂಡಬಹುದು ಕಣೇ," ಅಂದಿದ್ದಳು. ಉಳಿದ ಹೆಂಗಸರು ನಕ್ಕಿದ್ದರು. ಸಿಡುಕಿಗೆ ನಗು ಬಂದಿರಲಿಲ್ಲ. ಗಂಡನ ಕಾಲು ಬೆಂದ ದಿನ ಈ ಬೂಟು ಎಲ್ಲಿ ಸತ್ತಿತ್ತು ಎಂದು ಕೇಳಬೇಕೆನಿಸಿ, ತುಟಿ ಕಚ್ಚಿಕೊಂಡಿದ್ದಳು.

ಸಂಘದ ಕಾರ್ಯದರ್ಶಿ ಮೇಸ್ತ್ರಿಯ ಹಾಗೆ ಬೈಯುವವನಲ್ಲ. ಮೆತ್ತಗಿನ ಮಾತು, ಇಸ್ತ್ರಿ ಮಾಡಿದ ಅಂಗಿ. ಅವಳ ಹತ್ತಿರ ಬಂದು, ಮೂಗಿಗೆ ಕರವಸ್ತ್ರ ಹಿಡಿದೇ ಹೇಳಿದ:

"ಹೆದರ್ಕೋಬೇಡಮ್ಮ. ಕ್ಯಾಮೆರಾ ಮುಂದೆ ನೀನು ಹೇಳಬೇಕಾದ್ದು ಎರಡೇ ಎರಡು ಮಾತು. ನನ್ನ ಗಂಡ ಅವಸರಪಟ್ಟ. ತಾನೇ ಲಾರಿ ತಟ್ಟಿದ. ನೀವು ಯಾರೂ ಹಾಗೆ ಮಾಡಬೇಡಿ."

"ಮೂರಾಯ್ತು ಸಾರ್."

"ಏನು?"

"ಮಾತು. ಎರಡು ಅಂದ್ರಿ. ಮೂರಾಯ್ತು."

"ಮೂರೇ ಇರ್ಲಿ," ಎಂದು ಕಾರ್ಯದರ್ಶಿ ನಕ್ಕ. "ಅದರಲ್ಲಿ ನಡುವಿನದು ಸ್ಪಷ್ಟವಾಗಿ ಬರಬೇಕು, ಆಯ್ತಾ?"

ನಡುವಿನ ಮಾತೇ ಸುಳ್ಳು.

ಡಾಂಬರು ಹಾಕುವ ಕಡೆ ಬಾಯಿಗೆ ಬೆಲೆಯಿಲ್ಲ. ಟಿಪ್ಪರ್ ಲಾರಿಯ ಇಂಜಿನ್ನು, ರೋಲರಿನ ಗುಡುಗುಡು, ಇವುಗಳ ನಡುವೆ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಕೈಯೇ ಬಾಯಿ. ಲಾರಿಯ ಪಕ್ಕದ ತಗಡಿಗೆ ಅಂಗೈಯಿಂದ ಒಂದು ಏಟು ಹಾಕಿದರೆ ನಿಲ್ಲು ಅಂತ. ಎರಡು ಹಾಕಿದರೆ ತೊಟ್ಟಿ ಎತ್ತಿ ಮಾಲು, ಅಂದರೆ ಡಾಂಬರು ಕಲಸಿದ ಜಲ್ಲಿ, ಸುರಿ ಅಂತ. ಡ್ರೈವರು ಯಾಕೆ, ಏನು ಎಂದು ಕೇಳುವುದಿಲ್ಲ. ತಿರುಗಿ ನೋಡುವುದೂ ಇಲ್ಲ, ನೋಡಿದರೂ ಹೊಗೆಯಲ್ಲಿ ಕಾಣುವುದು ಅಷ್ಟರಲ್ಲೇ ಇದೆ. ಎಣಿಸುತ್ತಾನೆ, ಮಾಡುತ್ತಾನೆ.

ಆವತ್ತು ಲಾರಿಯ ಹಿಂಬಾಗಿಲಿನ ಕೊಂಡಿ ಸಿಕ್ಕಿಹಾಕಿಕೊಂಡಿತ್ತು. ಸಿಡುಕಿಯ ಗಂಡ ಬಾಗಿಲ ಕೆಳಗೆ ಬಗ್ಗಿ ಕಬ್ಬಿಣದ ಸರಳಿನಿಂದ ಅದನ್ನು ಮೀಟುತ್ತಿದ್ದ. ಮಾಲು ಬಿಸಿಯಿದ್ದಾಗ ಮಾತ್ರ ಮಾಲು, ಆರಿದರೆ ಬಂಡೆ. ಮೇಸ್ತ್ರಿ ಓಡಿಬಂದ. "ಬೇಗ ಬಿಚ್ಚೋ, ಬೋಳಿಮಗನೆ. ನಿಮ್ಮಪ್ಪನ ಮನೆ ಮಾಲೇನೋ ಇದು," ಎನ್ನುತ್ತ ಸಿಟ್ಟಿಗೆ ಪಕ್ಕದ ತಗಡಿಗೆ ಅಂಗೈ ಬಡಿದ. 'ಬೇಗ'ಕ್ಕೊಂದು, 'ಬಿಚ್ಚೋ'ಗೊಂದು. ಬೈಗುಳ ಡ್ರೈವರಿಗೆ ಕೇಳಲಿಲ್ಲ. ಏಟು ಎರಡೂ ಕೇಳಿದವು. ಅವನು ತೊಟ್ಟಿ ಎತ್ತಿದ. ಒಳಗಿನ ಭಾರಕ್ಕೆ ಕೊಂಡಿ ತಾನಾಗಿಯೇ ಕಿತ್ತುಬಂತು.

ಗಂಡ ಹಿಂದಕ್ಕೆ ನೆಗೆಯುವಷ್ಟರಲ್ಲಿ ಅವನ ಕಾಲು ಮೊಣಕಾಲಿನವರೆಗೆ ಬಿಸಿ ಮಾಲಿನಲ್ಲಿ ಮುಚ್ಚಿಹೋಯಿತು. ಖಾಲಿ ಬಾಣಲಿ ಹಿಡಿದು ಅಲ್ಲೇ ನಿಂತಿದ್ದ ಸಿಡುಕಿ ಬಾಣಲಿ ಎಸೆದು ಬರಿಗೈಯಲ್ಲಿ ಮಾಲು ಗೋರಿದಳು. ಆ ಅಂಗೈಗಳ ಚರ್ಮ ಈಗಲೂ ನುಣ್ಣಗೆ, ಯಾರದೋ ಕೈಯನ್ನು ತಂದು ಹೊಲಿದ ಹಾಗಿದೆ. ಗಂಡನನ್ನು ಎಳೆಯುತ್ತ ಅವಳು ತಲೆಯೆತ್ತಿ ನೋಡಿದಾಗ ಮೇಸ್ತ್ರಿಯ ಕೈ ಇನ್ನೂ ತಗಡಿನ ಮೇಲೆಯೇ ಇತ್ತು. ಅದನ್ನು ಅವಳು ಸಾಯುವವರೆಗೂ ಮರೆಯುವುದಿಲ್ಲ.

ಕಾರ್ಯದರ್ಶಿ ಅವರ ಕೋಣೆಗೆ ಬಂದಿದ್ದು ಹೋದ ವಾರ. ಒಂದೇ ಕಿಟಕಿಯ ಕೋಣೆ, ಅದೂ ಪಕ್ಕದ ಮನೆಯ ಗೋಡೆಗೆ ತೆರೆಯುವಂಥದ್ದು. ಗಂಡ ಮಂಚದ ಮೇಲಿದ್ದ. ಅವನ ಎಡಪಾದದಲ್ಲಿ ಬೆರಳುಗಳಿಲ್ಲ, ಬಲಗಾಲು ಮಡಚುವುದಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಸಿಡುಕಿ ಹೆಗಲು ಕೊಡಬೇಕು. ಕೂರಲು ಬೇರೇನೂ ಇಲ್ಲದ್ದರಿಂದ ಅವಳು ಬಕೆಟ್ಟು ಬೋರಲು ಹಾಕಿ ಕೊಟ್ಟಳು. ಕಾರ್ಯದರ್ಶಿ ಅದನ್ನು ನೋಡಿ ನಿಂತೇ ಮಾತಾಡಿದ.

"ಸಂಘ ಅಂದ್ರೆ ಒಂದು ಕುಟುಂಬ ಇದ್ದ ಹಾಗೆ. ರಸ್ತೆ ಕೆಲಸ ತರೋದು, ಡಾಂಬರು ಬೆಲೆ ಏರಿದ್ರೆ ಮಂತ್ರಿಗಳ ಹತ್ರ ಮಾತಾಡೋದು, ಹೊಸ ಯಂತ್ರ ತರಿಸೋದು, ಎಲ್ಲಾ ನಾವೇ. ಈಗ ಸರ್ಕಾರ ಒಂದು ಕಾನೂನು ತರ್ತಾ ಇದೆ. ಕೂಲಿಯವನಿಗೆ ಏನೇ ಸುಟ್ಟರೂ ಗುತ್ತಿಗೆದಾರನೇ ಹೊಣೆ ಅಂತೆ. ಹಿಂಗಾದ್ರೆ ಉದ್ಯಮ ಉಳಿಯುತ್ತಾ? ಉದ್ಯಮ ಉಳಿದ್ರೆ ತಾನೇ ನಿಮ್ಮ ಹೊಟ್ಟೆ?"

"ಹೌದು ಸಾರ್," ಎಂದ ಗಂಡ.

"ಅದಕ್ಕೆ ನಾವು ಒಂದು ತರಬೇತಿ ಚಿತ್ರ ಮಾಡ್ತಿದೀವಿ. ಕೂಲಿಯವರ ಅಜಾಗರೂಕತೆಯಿಂದ ಏನಾಗುತ್ತೆ ಅಂತ. ಕಾನೂನು ಬೇಡ, ತರಬೇತಿ ಸಾಕು ಅಂತ ಅಧಿಕಾರಿಗಳಿಗೆ ಮನವರಿಕೆ ಆಗಬೇಕು. ಹೆಂಡತಿಯೇ ಬಾಯಿಬಿಟ್ಟು ಹೇಳಿದ್ರೆ ಯಾರೂ ಎದುರಾಡಲ್ಲ."

"ತಟ್ಟಿದ್ದು ಮೇಸ್ತ್ರಿ ಸಾರ್," ಎಂದಳು ಸಿಡುಕಿ.

"ನೋಡಮ್ಮ, ಯಾರು ತಟ್ಟಿದ್ರು ಅನ್ನೋದು ಮುಖ್ಯ ಅಲ್ಲ."

"ಮುಖ್ಯ ಅಲ್ದಿದ್ರೆ ಮೇಸ್ತ್ರಿ ಅಂತಲೇ ಹೇಳೋಣ ಬಿಡಿ."

ಕಾರ್ಯದರ್ಶಿ ಅವಳ ಕಡೆ ನೋಡುವುದನ್ನು ಬಿಟ್ಟು ಗಂಡನ ಕಡೆ ತಿರುಗಿದ. ಡಾಂಬರು ಕಲಸುವ ಪ್ಲಾಂಟಿನ ಗೇಟಿನಲ್ಲಿ ಕಾವಲುಗಾರನ ಕೆಲಸ ಖಾಲಿ ಇದೆ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಹಗ್ಗ ಎಳೆದರೆ ಗೇಟು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಕಾಲೇ ಬೇಕಿಲ್ಲ. ಚಿತ್ರ ಮುಗಿದ ಮಾರನೇ ದಿನದಿಂದಲೇ ಬರಬಹುದು.

ಅವನು ಹೋದ ಮೇಲೆ ಗಂಡ ಗೋಡೆ ನೋಡುತ್ತ ಹೇಳಿದ, "ಮಾಡಿಬಿಡೇ."

"ನೀನೇ ತಟ್ಟಿದೆ ಅಂತ ಹೇಳ್ಲಾ?"

"ಹೇಳು."

"ನಿನ್ನ ಕಾಲು ನೀನೇ ತಿಂದೆ ಅಂತ?"

"ಕಾಲಂತೂ ಹೋಯ್ತು. ಮರ್ಯಾದೆ ಒಂದನ್ನ ಇಟ್ಕೊಂಡು ಏನು ಮಾಡ್ಲಿ, ಅದರ ಮೇಲೆ ನಿಂತ್ಕೊಳಕ್ಕಾಗುತ್ತಾ?" ಮಡಚದ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿಕೊಂಡು, "ನೀನು ನನ್ನನ್ನ ಮಗು ಥರ ಎತ್ತಿ ಇಳಿಸ್ತೀಯಲ್ಲ, ಅದು ನನಗೆ ಸಾಕಾಗಿದೆ ಕಣೇ. ಒಂದು ಕಡೆ ಕೂತು ದುಡೀತೀನಿ. ಬೇಡ ಅನ್ಬೇಡ," ಎಂದ.

ಸಿಟ್ಟು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಸಿಡುಕಿ ಪಾತ್ರೆಗಳ ಮೇಲೆ ತೀರಿಸಿಕೊಂಡಳು. ಇದ್ದ ನಾಲ್ಕು ಪಾತ್ರೆಯನ್ನು ತಿಕ್ಕಿ ತಿಕ್ಕಿ ಸವೆಸಿದಳು. ಮೇಸ್ತ್ರಿಯ ಮೇಲೆ ಸಿಟ್ಟು, ಸಂಘದ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಗಂಡ ಹೇಳಿದ್ದು ನ್ಯಾಯವೇ ಆಗಿತ್ತಲ್ಲ ಎಂಬ ಸಿಟ್ಟು. ಕೊನೆಗೆ ಆಯಿತು ಅಂದಳು. ವಿಷಯ ಕೇಳಿ ದೊಡ್ಡಮ್ಮ ಹೇಳಿದ್ದಿಷ್ಟೇ: "ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಹೋಗ್ಲಿ, ಎಮ್ಮೆಗೆ ಹುಲ್ಲಾದ್ರೂ ಸಿಗಲಿ."

ಹಾಗೆ ಬಂದು ನಿಂತಿದ್ದಳು ಇವತ್ತು. ಅದೇ ಲಾರಿ, ಅದೇ ಡ್ರೈವರು. ಅವನು ಬೆಳಗಿನಿಂದ ಅವಳ ಮುಖ ನೋಡಿರಲಿಲ್ಲ. ಅಪಘಾತದ ನಂತರ ನಡೆದ ವಿಚಾರಣೆಯಲ್ಲಿ 'ಎರಡು ಏಟು ಕೇಳ್ತು, ಎತ್ತಿದೆ' ಅಂದವನು, ಯಾರ ಕೈ ಎಂದಾಗ 'ಕಾಣಲಿಲ್ಲ' ಅಂದಿದ್ದ. ಲಾರಿಯಲ್ಲಿ ನಿಜವಾದ ಮಾಲೇ ಇತ್ತು. ಖಾಲಿ ಲಾರಿ ಸಾಕು ಎಂದು ಕ್ಯಾಮೆರಾದವನು ಹೇಳಿದ್ದಕ್ಕೆ ಕಾರ್ಯದರ್ಶಿ, "ಹೊಗೆ ಕಾಣ್ದೆ ಜನಕ್ಕೆ ಭಯ ಹುಟ್ಟಲ್ಲ. ಆಮೇಲೆ ಇದೇ ಮಾಲನ್ನ ರಸ್ತೆಗೆ ಹಾಕಿದ್ರಾಯ್ತು," ಎಂದಿದ್ದ. ಹಾಗಾಗಿ ಮಾಲು ಹಿಡಿದುಕೊಳ್ಳಲೆಂದು ರಸ್ತೆಗೂ ಆಗಲೇ ಅಂಟು ಡಾಂಬರು ಚಿಮುಕಿಸಿ ಇಟ್ಟಿದ್ದರು.

ಗಂಡ ಬಗ್ಗಿದ್ದ ಹಾಗೆ ಬಗ್ಗಿ ತೋರಿಸಿ, ಆಮೇಲೆ ಆ ಮೂರು ಮಾತು ಹೇಳಬೇಕಿತ್ತು. ಮೊದಲ ಸಲ ಸಿಡುಕಿ ಬಾಗಿಲ ಕೆಳಗೆ ಬಗ್ಗಿದಾಗ ಕ್ಯಾಮೆರಾಗೆ ಅವಳ ಬೆನ್ನು ಮಾತ್ರ ಕಂಡಿತು. ಎರಡನೇ ಸಲ 'ನನ್ನ ಗಂಡ' ಎನ್ನುವಷ್ಟರಲ್ಲಿ ನಾಲಿಗೆ ನಿಂತುಹೋಯಿತು.

"ಮೂರು ಮಾತು ಬರಲ್ವೇನೇ ಬೇವರ್ಸಿ," ಎಂದು ಮೇಸ್ತ್ರಿ ರೇಗಿದ. "ಊಟಕ್ಕೆ ಬಿಟ್ರೆ ಊರಿಗೆಲ್ಲ ಕೇಳೋ ಹಂಗೆ ಬಾಯಿ ಮಾಡ್ತೀಯ. ನಿನ್ನ ಗಂಡ ಒಬ್ಬ ದಡ್ಡ, ನೀನು ಅವನಿಗೆ ಅಕ್ಕ."

"ಬೈಬೇಡಿ," ಎಂದ ಕಾರ್ಯದರ್ಶಿ. "ನೀವು ಆವತ್ತು ಇಲ್ಲೇ ಇದ್ರಲ್ಲ. ಅವನು ಹೇಗೆ ನಿಂತಿದ್ದ ಅಂತ ಒಂದ್ಸಲ ತೋರಿಸಿಕೊಡಿ, ನೋಡಿ ಕಲೀತಾಳೆ." ಕ್ಯಾಮೆರಾದವನೂ ಅಳತೆ ನೋಡಿಕೊಳ್ಳುತ್ತೇನೆಂದು ಕ್ಯಾಮೆರಾ ಓಡಿಸಿದ.

ಮೇಸ್ತ್ರಿ ಗೊಣಗುತ್ತ ಹೋಗಿ ಹಿಂಬಾಗಿಲ ಕೆಳಗೆ ಬಗ್ಗಿದ. ಎರಡೂ ಕೈ ಕೊಂಡಿಯ ಮೇಲಿಟ್ಟ. "ನೋಡು, ಕಣ್ಣುಬಿಟ್ಟು ನೋಡು. ಹಿಂಗೆ ಕತ್ತೆ ಥರ ತಲೆ ತಗ್ಗಿಸ್ಕೊಂಡು..." ಅವನ ತಲೆಯ ಮೇಲೆ ತಗಡಿನ ಸಂದಿಯಿಂದ ಹೊಗೆ ಬರುತ್ತಿತ್ತು. ಇಂಜಿನ್ನು ಓಡುತ್ತಲೇ ಇತ್ತು.

ಸರಿಯಾಗಿ ಕಾಣಲೆಂದು ಸಿಡುಕಿ ಪಕ್ಕಕ್ಕೆ ಸರಿದಳು. ಸರಿದು ನಿಂತ ಮೇಲೆ ಗೊತ್ತಾಯಿತು, ಆವತ್ತು ಮೇಸ್ತ್ರಿ ನಿಂತಿದ್ದ ಜಾಗ ಅದು. ಕೈಯಳತೆಯಲ್ಲಿ ತಗಡು. ಎದುರಿಗೆ ಬಗ್ಗಿದ ಬೆನ್ನು. ಇಲ್ಲಿಂದ ಎಲ್ಲವೂ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅವಳಿಗೆ ಆಶ್ಚರ್ಯವಾಯಿತು. ಕಣ್ಣೆದುರಿಗೇ ಒಬ್ಬ ಮನುಷ್ಯ ಬಗ್ಗಿರುವುದು ಇವನಿಗೆ ಕಂಡಿತ್ತು. ಕಂಡೂ ಬಡಿದಿದ್ದ.

ಅವಳು ಕೈಯೆತ್ತಿ ತಗಡಿಗೆ ಒಂದು ಏಟು ಹಾಕಿದಳು.

ಮೇಸ್ತ್ರಿ ಹಾರಿದ. ಹಾರಿದ ರಭಸಕ್ಕೆ ಕಾಲು ಜಾರಿ ಅಂಟು ಡಾಂಬರಿನ ಮೇಲೆ ಅಂಗೈ ಊರಿ ಬಿದ್ದ. ಒಂದು ಚಪ್ಪಲಿ ಅಲ್ಲೇ ಅಂಟಿಕೊಂಡಿತು. "ಎತ್ತಬೇಡ! ಎತ್ತಬೇಡ ಕಣೋ, ನಾನಿದೀನಿ ಕೆಳಗೆ," ಎಂದು ನಾಲ್ಕು ಕಾಲಿನಲ್ಲಿ ತೆವಳುತ್ತ ಕೂಗಿದ. ಇಂಜಿನ್ನಿನ ಸದ್ದನ್ನೂ ಮೀರಿ ಆ ಕೂಗು ಎಲ್ಲರಿಗೂ ಕೇಳಿತು.

ತೊಟ್ಟಿ ಅಲುಗಲೇ ಇಲ್ಲ. ಡ್ರೈವರು ಇಂಜಿನ್ನು ಆರಿಸಿ ಕಿಟಕಿಯಿಂದ ತಲೆ ಹೊರಹಾಕಿದ.

"ಒಂದೇ ಏಟು ಮೇಸ್ತ್ರಿಗಳೇ. ಒಂದು ಅಂದ್ರೆ ನಿಲ್ಲು ಅಂತ. ನಿಂತೇ ಇದೀನಿ."

ದೊಡ್ಡಮ್ಮ ಮೊದಲು ನಕ್ಕಳು. ಆಮೇಲೆ ಎಲ್ಲರೂ. ನಗು ತಣ್ಣಗಾಗುವ ಹೊತ್ತಿಗೆ ಡ್ರೈವರು ಮೊದಲ ಸಲ ಸಿಡುಕಿಯ ಮುಖ ನೋಡಿದ. "ಆವತ್ತು ಎರಡು ಬಿತ್ತು," ಎಂದ. "ಬಡಿದ ಕೈಯೂ ಕನ್ನಡಿಯಲ್ಲಿ ನಂಗೆ ಕಂಡಿತ್ತಕ್ಕ. ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

ಕಾರ್ಯದರ್ಶಿ ಕ್ಯಾಮೆರಾದವನಿಗೆ, "ಇದನ್ನೆಲ್ಲ ಅಳಿಸಿಬಿಡಿ," ಎಂದ. ಅವನು ಹ್ಞೂಂ ಅಂದ, ಆದರೆ ಕ್ಯಾಮೆರಾ ಇಳಿಸಲಿಲ್ಲ.

"ತಮಾಷೆ ಸಾಕಮ್ಮ. ಈಗ ಸರಿಯಾಗಿ ಮಾಡು."

"ಮಾಡಲ್ಲ ಸಾರ್."

"ನಿನ್ನ ಗಂಡನಿಗೆ ಆ ಕುರ್ಚಿ ಬೇಡ್ವಾ?"

"ಬೇಕು," ಎಂದಳು ಸಿಡುಕಿ. "ಬೇಕೇ ಬೇಕು ಸಾರ್. ಬರಿಗೈಲಿ ಹೋಗಿ ಅವನಿಗೆ ಏನು ಹೇಳೋದು ಅಂತ ನಂಗೆ ಗೊತ್ತಿಲ್ಲ. ಆದ್ರೆ ತಟ್ಟಿದ ಕೈ ಅವನದಲ್ಲ."

ಕಾರ್ಯದರ್ಶಿ ದೊಡ್ಡಮ್ಮನ ಕಡೆ ಕೈಬೀಸಿದ. "ನೀನು ಬಾ. ನೀನೇ ಹೆಂಡತಿ ಅಂತ ಹೇಳು, ಯಾರಿಗೆ ಗೊತ್ತಾಗುತ್ತೆ?"

"ಈ ವಯಸ್ಸಲ್ಲಿ ಇನ್ನೊಬ್ಬಳ ಗಂಡ ನಂಗ್ಯಾಕಪ್ಪ," ಎಂದು ದೊಡ್ಡಮ್ಮ ಬಾಣಲಿ ಬೋರಲು ಹಾಕಿ ಅದರ ಮೇಲೆ ಕೂತಳು. ಪಕ್ಕದವಳು ಕೂತಳು. ಅವಳ ಪಕ್ಕದವಳೂ ಕೂತಳು. ಬಾಣಲಿಗಳು ಒಂದೊಂದಾಗಿ ಸದ್ದು ಮಾಡಿ ಮಗುಚಿದವು.

ಅಂಗೈಗೆ ಮೆತ್ತಿದ ಡಾಂಬರನ್ನು ಪ್ಯಾಂಟಿಗೆ ಒರೆಸಲು ಹೋಗಿ ಪ್ಯಾಂಟನ್ನೂ ಕೆಡಿಸಿಕೊಂಡ ಮೇಸ್ತ್ರಿಗೆ ಆಗ ಲಾರಿಯ ನೆನಪಾಯಿತು. "ಮಾಲು ಆರ್ತಾ ಇದೆ. ಏಳ್ರೇ ಮುಂಡೇವಾ, ಇಳಿಸ್ರಿ," ಎಂದು ಕಿರುಚಿದ. ಯಾರೂ ಏಳಲಿಲ್ಲ. ಅವನು ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಹೋಗಿ ತಾನೇ ಕೊಂಡಿ ಬಿಚ್ಚಿದ. "ಎತ್ತೋ ತೊಟ್ಟಿನ," ಎಂದು ಡ್ರೈವರಿಗೆ ಕೂಗಿದ.

"ಏಟು ಬೀಳ್ದೆ ಎತ್ತೋ ಹಂಗಿಲ್ಲ," ಎಂದ ಡ್ರೈವರು. "ಸಂಘದೋರ ಪಾಠನೇ ಅದು."

ಮೇಸ್ತ್ರಿ ಲಾರಿಯ ಪಕ್ಕಕ್ಕೆ ಬಂದು ಕೈಯೆತ್ತಿದ. ಕಪ್ಪು ಅಂಗೈ ತಗಡಿನ ಹತ್ತಿರ ಹೋಯಿತು. ಬಾಣಲಿಗಳ ಮೇಲೆ ಕೂತ ಹೆಂಗಸರೆಲ್ಲ ಅದನ್ನೇ ನೋಡುತ್ತಿದ್ದರು. ಡ್ರೈವರು ಕನ್ನಡಿಯಲ್ಲಿ ನೋಡುತ್ತಿದ್ದ. ಕ್ಯಾಮೆರಾವೂ ಅತ್ತಲೇ ತಿರುಗಿತ್ತು.

"ತಟ್ಟಿ ಮೇಸ್ತ್ರಿಗಳೇ," ಎಂದಳು ಸಿಡುಕಿ. "ಅಭ್ಯಾಸ ಇದೆಯಲ್ಲ."

ಎತ್ತಿದ ಕೈ ಇಳಿಯಲೂ ಇಲ್ಲ, ಬಡಿಯಲೂ ಇಲ್ಲ. ಲಾರಿಯ ಮೇಲಿನ ಹೊಗೆ ತೆಳ್ಳಗಾಗುತ್ತ ಬಂದು, ನಿಂತಿತು.