ಕೈ ಇಟ್ಟ ಜಾಗ

ಕನ್ನಡಕದ ಅಂಗಡಿಯವರು ಸತ್ತ ಸುದ್ದಿ ಬಂದಾಗ ಅಕ್ಕನಿಗೆ ಅಳು ಬರಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಮೊಳೆಗೆ ತೂಗುಹಾಕಿದಳು, ಕೈ ತೊಳೆದಳು, ಮತ್ತೆ ಅದೇ ಸ್ಪ್ಯಾನರ್ ತೆಗೆದುಕೊಂಡು ಬಿಗಿಯಾಗಿದ್ದ ನಟ್ಟನ್ನೇ ಇನ್ನೊಮ್ಮೆ ಬಿಗಿ ಮಾಡಿದಳು. ಆಮೇಲಿನ ದಿನಗಳೂ ಹಾಗೇ ಕಳೆದವು. ಹಸಿವಿಲ್ಲದೆ ತಿಂದಳು, ನಿದ್ದೆಯಿಲ್ಲದೆ ಮಲಗಿದಳು, ಯಾರಾದರೂ ಮಾತಾಡಿಸಿದರೆ ಹೂಂ ಅಂದಳು. ಎಷ್ಟು ಗಟ್ಟಿಗಿತ್ತಿ ನೋಡಿ ಎಂದು ಜನ ಮಾತಾಡಿಕೊಂಡರು. ಗಟ್ಟಿಯೂ ಇಲ್ಲ ಮಣ್ಣೂ ಇಲ್ಲ. ಒಳಗೆಲ್ಲ ಮರಗಟ್ಟಿ ಹೋಗಿತ್ತು, ಅಷ್ಟೇ.

ಕನ್ನಡಕದವರಿಗೆ ಗುದ್ದಿದ್ದು ಅವಳ ತಮ್ಮನ ಬೈಕು. ಬ್ರೇಕು ಹಿಡಿಯಲಿಲ್ಲ ಎಂದು ತಮ್ಮ ಪೊಲೀಸರಿಗೆ ಹೇಳಿದ್ದ. ಆ ಬ್ರೇಕನ್ನು ಅದೇ ದಿನ ಬೆಳಿಗ್ಗೆ ಬಿಚ್ಚಿ ಕಟ್ಟಿದ್ದು ಅಕ್ಕ.

ಆ ಬೀದಿಯಲ್ಲಿ ಅವಳು ಎಲ್ಲರಿಗೂ ಅಕ್ಕನೇ, ತಲೆ ನೆರೆತವರಿಗೂ. ಅಪ್ಪ ಬಿಟ್ಟುಹೋದ ಗ್ಯಾರೇಜನ್ನು ಮಗ ನೋಡಿಕೊಳ್ಳುತ್ತಾನೆ ಎಂದು ಊರು ಲೆಕ್ಕ ಹಾಕಿತ್ತು. ಮಗ ಗಾಡಿ ಓಡಿಸುವುದನ್ನಷ್ಟೇ ನೋಡಿಕೊಂಡ, ಸ್ಪ್ಯಾನರು ಮಗಳ ಕೈಗೆ ಬಂತು. ಅವನಿಗೆ ಬೀದಿ ಇಟ್ಟ ಹೆಸರು ಗಾಳಿ. ಮಹಾನುಭಾವ ಸಂಜೆಯಾದರೆ ಮುಂದಿನ ಚಕ್ರ ಎತ್ತಿಕೊಂಡೇ ಬೀದಿ ದಾಟುತ್ತಿದ್ದ. ತರಕಾರಿಯವಳು ಬುಟ್ಟಿ ಒಳಗೆಳೆದುಕೊಳ್ಳುತ್ತಿದ್ದಳು, ವಯಸ್ಸಾದವರು ಗೋಡೆಗೆ ಒತ್ತಿಕೊಳ್ಳುತ್ತಿದ್ದರು, ಶಾಲೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಬಾಯಿಗೆ ಬಂದಂತೆ ಬೈಯುವವರೂ ಕೊನೆಗೆ, ಆದರೂ ಏನು ಕೈ ಅವನದು, ಅನ್ನದೆ ಬಿಡುತ್ತಿರಲಿಲ್ಲ. ಅಕ್ಕನೂ ಬೈಯುತ್ತಿದ್ದಳು. ಬೈಯುತ್ತಲೇ ಅವನ ಬೈಕಿಗೆ ಗುಡುಗುವ ಸೈಲೆನ್ಸರ್ ಹಾಕಿಕೊಟ್ಟಳು, ವೇಗಕ್ಕೆ ಅಡ್ಡ ಎಂದು ಅವನಂದಾಗ ಕನ್ನಡಿಗಳನ್ನೂ ಬಿಚ್ಚಿಕೊಟ್ಟಳು. ಬೀದಿಯ ತುದಿಯಲ್ಲಿ ಆ ಸದ್ದು ಕೇಳಿದಾಗ ಅವಳ ತುಟಿಯಲ್ಲೂ ಒಂದು ನಗು ಬಂದು ಹೋಗುತ್ತಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

"ಇಷ್ಟು ವರ್ಷದಲ್ಲಿ ಒಂದು ಸಲ ಬಿದ್ದಿದ್ದೀನಾ ಹೇಳಿ," ಎಂದು ಅವನು ಒಮ್ಮೆ ಗ್ಯಾರೇಜಿನಲ್ಲಿ ಎದೆಯುಬ್ಬಿಸಿ ಕೇಳಿದ್ದ.

"ನೀನು ಬಿದ್ದಿಲ್ಲ ಅಂದ್ರೆ ಬೇರೆಯೋರು ಸರಿದು ನಿಂತಿದ್ದಾರೆ ಅಂತ," ಅಂದಿದ್ದರು ಕನ್ನಡಕದವರು, ತಮ್ಮ ಹಳೇ ಸ್ಕೂಟರಿಗೆ ಒರಗಿಕೊಂಡು.

"ಸರಿದ್ರೆ ತಪ್ಪೇನು ಅಂಕಲ್?"

ಎಲ್ಲರೂ ನಕ್ಕಿದ್ದರು. ಕನ್ನಡಕದವರೂ ನಕ್ಕು, ಮೂಗಿನ ತುದಿಗೆ ಇಳಿದಿದ್ದ ಸ್ವಂತ ಕನ್ನಡಕವನ್ನು ಮೇಲೆ ತಳ್ಳಿಕೊಂಡಿದ್ದರು. ಊರಿನವರ ಕನ್ನಡಕವನ್ನೆಲ್ಲ ಸರಿ ಮಾಡುವವರಿಗೆ ತಮ್ಮದನ್ನು ಸರಿ ಮಾಡಿಕೊಳ್ಳಲು ಪುರುಸೊತ್ತು ಇರಲಿಲ್ಲ.

ಅಪ್ಪ ಮಕ್ಕಳಿಬ್ಬರಿಗೂ ಕಲಿಸಿದ್ದು ಮುಖ್ಯವಾಗಿ ಎರಡು ವಿಷಯ. ಬ್ರೇಕಿನ ಕೆಲಸ ಮಾಡಿದ ಗಾಡಿಯನ್ನು ತಾನೇ ಒಂದು ಸುತ್ತು ಓಡಿಸಿ, ಮೂಲೆಯ ತಿರುವಿನಲ್ಲಿ ಹಿಡಿದು ನೋಡದೆ ಯಾರ ಕೈಗೂ ಕೊಡಬಾರದು. ಕೆಲಸ ಮುಗಿದ ಮೇಲೆ ಕೈ ಇಟ್ಟ ಜಾಗವನ್ನು ಒರೆಸದೆ ಏಳಬಾರದು. ಎರಡನೆಯದನ್ನು ಮರೆತರೆ ಅಪ್ಪ ಬೆರಳ ಗಂಟಿನ ಮೇಲೆ ಬಾರಿಸುತ್ತಿದ್ದ, ಹಾಗಾಗಿ ಅದು ಮಕ್ಕಳಿಗೆ ರಕ್ತಗತವಾಗಿ ಬಿಟ್ಟಿತ್ತು. ತಮ್ಮನಂತೂ ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿ ಮುಚ್ಚಿದರೆ ಅದರ ಮುಚ್ಚಳವನ್ನೂ ಅಂಗಿಯ ತುದಿಯಿಂದ ಒರೆಸುತ್ತಿದ್ದ. ಒರೆಸಿದ್ದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಅಮ್ಮ ಅದನ್ನು ನೋಡಿ ನೋಡಿ ನಗುತ್ತಿದ್ದಳು.

ಆ ದಿನ ಬೆಳಿಗ್ಗೆ ಕನ್ನಡಕದವರ ಸ್ಕೂಟರು ಬ್ರೇಕಿನ ಕೆಲಸಕ್ಕೆ ಬಂದು ನಿಂತಿತ್ತು. ಅಕ್ಕ ಇನ್ನೇನು ಅದಕ್ಕೆ ಕೈ ಹಚ್ಚಬೇಕು, ತಮ್ಮ ತನ್ನ ಬೈಕನ್ನು ತಳ್ಳಿಕೊಂಡು ಬಂದು ನಟ್ಟನಡುವೆ ನಿಲ್ಲಿಸಿದ.

"ಮೊದಲು ನಂದು ಅಕ್ಕ. ಸಂಜೆ ಹುಡುಗರೆಲ್ಲ ಸೇರ್ತಿದ್ದೀವಿ. ಮುಂದಿನ ಬ್ರೇಕಿಂದು ಪೈಪ್ ಬದಲಿಸಿಬಿಡು."

ಎತ್ತಿ ಆಡಿಸಿದ ತಮ್ಮ. ಇಲ್ಲ ಅನ್ನುವುದನ್ನು ಅವಳು ಯಾವತ್ತು ಕಲಿತಿದ್ದಳು? ಸ್ಕೂಟರನ್ನು ಗೋಡೆಯ ಪಕ್ಕಕ್ಕೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಕನ್ನಡಕದವರು ಬಂದರು. "ನಾಳೆ ಬನ್ನಿ," ಅಂದಳು. "ಆಯ್ತಮ್ಮ, ಇವತ್ತು ಕಾಲಿಗೆ ಸ್ವಲ್ಪ ಕೆಲಸ ಕೊಡ್ತೀನಿ," ಎಂದು ಅವರು ನಡೆದುಕೊಂಡೇ ಹೋದರು. ಬೈಕಿನ ಕೆಲಸ ಮುಗಿಸಿ ಅಕ್ಕ ಒಂದು ಸುತ್ತು ಓಡಿಸಿ ನೋಡೋಣ ಎನ್ನುವಷ್ಟರಲ್ಲಿ ತಮ್ಮ ಕೀ ಕಿತ್ತುಕೊಂಡು, "ಸುತ್ತು ನಾನೇ ಹಾಕ್ತೀನಿ ಬಿಡು," ಎಂದು ಹೊರಟೇಬಿಟ್ಟ.

ಸಂಜೆ ಮಾರುಕಟ್ಟೆ ರಸ್ತೆಯಲ್ಲಿ ಕನ್ನಡಕದವರು ಅರ್ಧ ರಸ್ತೆ ದಾಟಿ, ಆ ಕಡೆಯಿಂದ ಬರುವ ಗಾಡಿಗಳು ಹೋಗಲಿ ಎಂದು ನಡುವೆ ನಿಂತಿದ್ದರು. ಈ ಕಡೆಯಿಂದ ಗಾಳಿ ಮತ್ತವನ ಗೆಳೆಯರು ಪೈಪೋಟಿಯ ಮೇಲೆ ಬಂದರು. ಕಣ್ಣು ಮುಚ್ಚಿ ಬಿಡುವುದರೊಳಗೆ ಎಲ್ಲ ಮುಗಿದಿತ್ತು. ಗೆಳೆಯರು ದಿಕ್ಕಿಗೊಬ್ಬರಂತೆ ಮಾಯವಾದರು. ಸುತ್ತಲಿನ ಅಂಗಡಿಗಳವರು ಓಡಿ ಬಂದು ಕನ್ನಡಕದವರನ್ನು ಯಾರದೋ ಕಾರಿಗೆ ಹಾಕಿ ಆಸ್ಪತ್ರೆಗೆ ಕೊಂಡೊಯ್ದರು. ಬೈಕು ಜಾರಿಹೋಗಿ ರಸ್ತೆ ಪಕ್ಕದ ಕೊಚ್ಚೆಗೆ ಬಿದ್ದಿತ್ತು. ತಮ್ಮನ ಮೊಣಕೈ ತರಚಿತ್ತು, ಅಷ್ಟೇ. ಅವನು ಕಾರಿನ ಜೊತೆ ಹೋಗಲಿಲ್ಲ. ಬೈಕನ್ನು ಮೇಲೆಳೆದು, ಪೊಲೀಸರು ಬರುವವರೆಗೂ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದನಂತೆ. ಪಾಪ, ಹುಡುಗನಿಗೆ ದಿಕ್ಕೇ ತೋಚದ ಹಾಗಾಗಿತ್ತು ಎಂದು ನೋಡಿದವರು ಹೇಳಿದರು.

"ಬ್ರೇಕ್ ಹಿಡಿದೆ ಅಕ್ಕ. ಹಿಡಿ ಪೂರ್ತಿ ಒಳಗೆ ಬಂದುಬಿಡ್ತು. ಗಾಡಿ ನಿಲ್ಲಲೇ ಇಲ್ಲ," ಅಂದ ಅವನು ಮನೆಗೆ ಬಂದ ಮೇಲೆ. ನಿನ್ನ ತಪ್ಪು ಅನ್ನಲಿಲ್ಲ. ಅವಳ ಕೈಗಳನ್ನೊಮ್ಮೆ ನೋಡಿ ತಲೆ ತಗ್ಗಿಸಿದ.

ಅಂದಿನಿಂದ ಅಕ್ಕನ ಮನಸ್ಸು ಒಂದು ಬೋಲ್ಟಿನ ಸುತ್ತಲೇ ತಿರುಗುತ್ತಿತ್ತು. ಬ್ರೇಕಿನ ಎಣ್ಣೆ ಬರುವ ಪೈಪನ್ನು ಚಕ್ರದ ಹತ್ತಿರ ಹಿಡಿದಿಡುವ ಬೋಲ್ಟು. ಅದು ಸಡಿಲವಾದರೆ ಎಣ್ಣೆ ಸೋರಿ ಬ್ರೇಕು ಕೈಕೊಡುತ್ತದೆ. ಅದನ್ನು ಬಿಗಿ ಮಾಡಿದ ನೆನಪು ಅವಳಿಗಿತ್ತು. ಆದರೆ ದಿನವಿಡೀ ಬೋಲ್ಟು ಬಿಗಿ ಮಾಡುವವಳಿಗೆ ಆ ನೆನಪು ಯಾವ ಬೋಲ್ಟಿನದು ಎಂದು ಹೇಗೆ ಗೊತ್ತಾಗಬೇಕು? ಓಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಓಡಿಸಿ ನೋಡಿರಲಿಲ್ಲ.

"ಬೈಕು ತಪಾಸಣೆ ಮಾಡೋ ಅಧಿಕಾರಿಗಳು ಕೇಳಿದಾಗ ಮರೆತೆ ಅಂತ ಒಂದು ಮಾತು ಹೇಳಿಬಿಡು," ಅಂದಳು ಅಮ್ಮ, ತಟ್ಟೆಗೆ ಬಡಿಸುತ್ತಾ. "ನಿನಗಾದ್ರೆ ದಂಡ ಹಾಕಿ ಬಿಡ್ತಾರಂತೆ. ಅವನನ್ನ ಒಳಗೆ ಹಾಕಿಬಿಡ್ತಾರೆ. ಇನ್ನೂ ಬಾಳಿ ಬದುಕಬೇಕಾದವನು."

"ಮರೆತಿದ್ರೆ ಮರೆತೆ ಅಂತಲೇ ಹೇಳ್ತೀನಮ್ಮ."

"ಮರೆತಿದ್ದೀಯ. ಅವನೇ ಹೇಳ್ತಿದ್ದಾನಲ್ಲ."

ಹೂಂ ಅಂದಳು. ಅದರಲ್ಲಿ ಸುಳ್ಳು ಹೇಳುವ ಮಾತೇ ಇರಲಿಲ್ಲ, ಅವಳು ಅದನ್ನು ನಂಬಿಬಿಟ್ಟಿದ್ದಳು.

ಒಂದು ಮಧ್ಯಾಹ್ನ ಕನ್ನಡಕದವರ ಹೆಂಡತಿ ಗ್ಯಾರೇಜಿಗೆ ಬಂದರು. ಅಕ್ಕ ಎದ್ದು ನಿಂತಳು, ಸ್ಟೂಲನ್ನು ಒರೆಸಿ ಮುಂದಿಟ್ಟಳು, ಅದನ್ನೇ ಮತ್ತೊಮ್ಮೆ ಒರೆಸಿದಳು. ಆಕೆ ಕೂರಲಿಲ್ಲ. ಗೋಡೆಗೆ ಒರಗಿದ್ದ ಸ್ಕೂಟರನ್ನು ನೋಡಿದರು.

"ನಿನ್ನ ಮೇಲೆ ನನಗೆ ಕೋಪ ಇಲ್ಲಮ್ಮ," ಅಂದರು. "ಕೆಲಸ ಮಾಡೋ ಕೈ, ಒಮ್ಮೊಮ್ಮೆ ತಪ್ಪುತ್ತೆ. ಇವರೂ ಒಂದು ಸಲ ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಕೊಟ್ಟು ಕಳಿಸಿದ್ರು. ಆ ಮನುಷ್ಯ ಅದನ್ನೇ ಹಾಕ್ಕೊಂಡು ಎಷ್ಟೋ ದಿನ ತಿರುಗಿ, ಆಮೇಲೆ ಬಂದು, ಹೆಂಡತಿ ಯಾಕೋ ಬೇರೆ ಥರ ಕಾಣ್ತಾಳೆ ಅಂದನಂತೆ." ಅವರ ಮುಖದಲ್ಲಿ ನಗುವಿನಂಥದ್ದೇನೋ ಬಂದು ನಿಂತಿತು. "ಯಾವುದೋ ಬೋಲ್ಟು ಸಡಿಲ ಇತ್ತು, ಅಷ್ಟೇ ಅಂದ್ಕೊಂಡ್ರೆ ನನಗೂ ಸ್ವಲ್ಪ ನಿದ್ದೆ ಬರುತ್ತೆ. ಸ್ಕೂಟರ್ ಆದಾಗ ಹೇಳು, ಮಗಳು ಓಡಿಸ್ತಾಳೆ."

ಅವರು ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತೇನೋ. ಸಂಜೆಯವರೆಗೂ ಅವಳು ಆ ಸ್ಟೂಲಿನ ಮುಂದೆ ನಿಂತೇ ಇದ್ದಳು.

ಬೈಕಿನ ತಪಾಸಣೆಗೆ ಕರೆ ಬಂತು. ಪೊಲೀಸ್ ಠಾಣೆಯ ಹಿಂದೆ, ತಗಡಿನ ಮಾಡಿನ ಕೆಳಗೆ, ಬೈಕು ಒರಗಿ ನಿಂತಿತ್ತು. ಅಧಿಕಾರಿ ಹೆಚ್ಚು ಮಾತಿನವನಲ್ಲ. ತೋಳು ಮಡಚಿ, ಮಂಡಿಯೂರಿ, ತನ್ನ ಪಾಡಿಗೆ ನೋಡುತ್ತಿದ್ದ. ಅಮ್ಮ ಕಂಬದ ಹತ್ತಿರ, ತಮ್ಮ ಅಮ್ಮನ ಪಕ್ಕದಲ್ಲಿ.

"ತಂದ ಹಾಗೇ ಇಟ್ಟಿದ್ದೀವಿ, ಯಾರೂ ಕೈ ಹಚ್ಚಿಲ್ಲ. ನೋಡಿ," ಎಂದು ಅಧಿಕಾರಿ ಜಾಗ ಬಿಟ್ಟುಕೊಟ್ಟ.

ಅಕ್ಕ ಮುಂದಿನ ಚಕ್ರದ ಎದುರು ಕೂತಳು. ಕೊಚ್ಚೆ ಒಣಗಿ ಬೈಕಿಗೆಲ್ಲ ಬೂದು ಬಣ್ಣದ ಪದರ ಕಟ್ಟಿತ್ತು. ಚಕ್ರದ ಕಡ್ಡಿ, ಪೈಪು, ಎಂಜಿನ್ನು, ಎಲ್ಲದರ ಮೇಲೂ ಒಂದೇ ಸಮ. ಬೋಲ್ಟಿಗೆ ಬೆರಳಿಟ್ಟಳು. ಬೆರಳಿಗೇ ತಿರುಗಿತು. ಹಾಗಾದರೆ ಮರೆತಿದ್ದೇ ನಿಜ ಎಂದುಕೊಂಡಳು. ಏನೂ ಅನಿಸಲಿಲ್ಲ. ಕೈ ಹಿಂದಕ್ಕೆಳೆದುಕೊಳ್ಳುವಾಗ ಅಭ್ಯಾಸಬಲದಿಂದ ಬೆರಳಿಗೆ ಅಂಟಿದ ಮಣ್ಣು ಒರೆಸಿಕೊಳ್ಳಲು ಹೋದಳು. ಬೆರಳಿಗೆ ಮಣ್ಣು ಅಂಟಿರಲಿಲ್ಲ.

ಮತ್ತೆ ನೋಡಿದಳು. ಇಡೀ ಬೈಕಿನಲ್ಲಿ ಆ ಬೋಲ್ಟಿನ ತಲೆ ಮತ್ತು ಅದರ ಸುತ್ತ ಒಂದು ಬೆರಳಗಲ ಜಾಗ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಅನ್ನುತ್ತಿತ್ತು.

ತಿರುಗಿ ತಮ್ಮನನ್ನು ನೋಡಿದಳು. ಅವನೂ ಆ ಬೋಲ್ಟನ್ನೇ ನೋಡುತ್ತಿದ್ದ. ಬಣ್ಣ ಇಳಿದುಹೋಗಿದ್ದ ಅವನ ಮುಖ ನೋಡಿದರೆ, ತಾನು ಒರೆಸಿದ್ದು ಅವನಿಗೂ ಈಗಲೇ ಗೊತ್ತಾದಂತಿತ್ತು. ಅತ್ತ ಒಬ್ಬ ಮನುಷ್ಯ ಯಾರದೋ ಕಾರಿನಲ್ಲಿ ಜೀವ ಬಿಡುತ್ತಿದ್ದಾಗ ಇತ್ತ ಈ ಪುಣ್ಯಾತ್ಮ ಸೀಟಿನಡಿಯ ಸ್ಪ್ಯಾನರ್ ತೆಗೆದು ಬೋಲ್ಟು ಸಡಿಲ ಮಾಡಿ, ಅಪ್ಪ ಕಲಿಸಿದಂತೆ ಅಚ್ಚುಕಟ್ಟಾಗಿ ಒರೆಸಿಟ್ಟಿದ್ದ. ಇಷ್ಟು ದಿನ ಒಂದೇ ಮನೆಯಲ್ಲಿ, ಒಂದೇ ಮೇಜಿನ ಮುಂದೆ ಕೂತು, ಅಕ್ಕ ತನ್ನ ಕೈಗಳನ್ನು ದಿಟ್ಟಿಸುವುದನ್ನು ನೋಡುತ್ತಾ ಉಂಡು ಎದ್ದಿದ್ದ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಪ್ಪಿದ್ದು ನನ್ನ ಕೈಯಲ್ಲ ಎಂಬ ಸಮಾಧಾನ ಮಾತ್ರ ಒಂದು ಗಳಿಗೆ ಬಂತು, ಅದಕ್ಕೆ ಅವಳಿಗೆ ನಾಚಿಕೆಯಾಯಿತು. ಬೋಲ್ಟು ಅವಳದಲ್ಲದಿದ್ದರೂ 'ನಾಳೆ ಬನ್ನಿ' ಎಂದು ಅವರನ್ನು ನಡೆಸಿ ಕಳಿಸಿದ್ದು ಅವಳೇ.

"ಬೋಲ್ಟು ಸಡಿಲ ಇದೆ," ಅಂದ ಅಧಿಕಾರಿ. "ಬಿಗಿ ಮಾಡಿದ್ರಾ, ಮರೆತ್ರಾ? ಯೋಚನೆ ಮಾಡಿ ಹೇಳಿ."

ಹಿಂದೆ ಅಮ್ಮ ಕೆಮ್ಮಿದಳು. ಮರೆತೆ ಎಂಬ ಮಾತು ಎಷ್ಟೋ ದಿನದಿಂದ ಅಕ್ಕನ ನಾಲಿಗೆಯ ತುದಿಯಲ್ಲಿ ತಯಾರಾಗಿ ಕೂತಿತ್ತು. ಅದನ್ನು ಹೇಳಿಬಿಟ್ಟರೆ ತಮ್ಮ ಮನೆಗೆ ಬರುತ್ತಾನೆ. ಸ್ವಲ್ಪ ದಿನ ಕಳೆದ ಮೇಲೆ ಇನ್ನೊಂದು ಬೈಕನ್ನು ತಳ್ಳಿಕೊಂಡು ಬಂದು, ಮೊದಲು ನಂದು ಅಕ್ಕ, ಅನ್ನುತ್ತಾನೆ. ಅವನ ದನಿ ಅವಳಿಗೆ ಕೇಳಿಸಿದಂತೆಯೇ ಆಯಿತು.

"ಬಿಗಿ ಮಾಡಿದ್ದೆ," ಅಂದಳು. "ಬಿದ್ದ ಮೇಲೆ ಸಡಿಲ ಮಾಡಿದ್ದಾರೆ. ಇದೊಂದೇ ಒರೆಸಿದೆ ನೋಡಿ."

"ನಾನೂ ಅದನ್ನೇ ನೋಡ್ತಿದ್ದೆ. ಯಾರು ಅಂತ ಗೊತ್ತಾ?"

"ಕೈ ಇಟ್ಟ ಜಾಗ ಒರೆಸೋದು ನಮ್ಮ ಮನೆಯವರು. ನಾನು ಅಲ್ಲಿರಲಿಲ್ಲ."

ತಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತ. "ಸರೀತಾರೆ ಅಂದ್ಕೊಂಡೆ ಅಕ್ಕ," ಅಂದ. "ಎಲ್ಲರೂ ಸರೀತಾರೆ."

ಅವನನ್ನು ಠಾಣೆಯಲ್ಲೇ ಉಳಿಸಿಕೊಂಡರು. ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ಬೇರೆ ಸೀಟಿನಲ್ಲಿ ಕೂತಳು. "ಒಂದೇ ಒಂದು ಮಾತು ಕೇಳಿದ್ದೆ ನಿನ್ನ," ಅಂದಳು ಇಳಿಯುವಾಗ. ಅದಾದ ಮೇಲೆ ಮನೆಯಲ್ಲಿ ಇಬ್ಬರೂ ಮಾತು ಬಿಟ್ಟರು. ಉಪ್ಪಿನ ಡಬ್ಬಿಯನ್ನು ಅಮ್ಮ ಮೇಜಿನಿಂದ ತೆಗೆದು ಕಪಾಟಿನಲ್ಲಿಟ್ಟಳು.

ಅಕ್ಕ ಸ್ಕೂಟರಿನ ಕೆಲಸ ಮುಗಿಸಿದಳು. ಒಂದು ಸುತ್ತು ಓಡಿಸಿ, ಮೂಲೆಯ ತಿರುವಿನಲ್ಲಿ ಹಿಡಿದು ನೋಡಿದಳು. ನಿಂತಿತು. ಒರೆಸಿ, ಕನ್ನಡಕದವರ ಮನೆಗೆ ಒಯ್ದು ಬಾಗಿಲ ಮುಂದೆ ನಿಲ್ಲಿಸಿದಳು. ಅವರ ಹೆಂಡತಿ ಹೊರಗೆ ಬಂದು ಕೀಗೆ ಕೈ ಚಾಚಿದರು.

"ನಿಮಗೊಂದು ಮಾತು ಹೇಳಬೇಕು," ಅಂದಳು ಅಕ್ಕ. "ಆ ದಿನ ಬ್ರೇಕ್ ಸರಿಯಾಗೇ ಇತ್ತು. ಬೋಲ್ಟು ಸಡಿಲ ಮಾಡಿದ್ದು ಆಮೇಲೆ, ನನ್ನ ತಮ್ಮ."

ಅವರು ಚಾಚಿದ ಕೈಯನ್ನು ಹಾಗೇ ಹಿಡಿದಿದ್ದರು.

"ಸರಿಯಾಗಿತ್ತಾ," ಅಂದರು. "ಹಾಗಾದ್ರೆ ಅವನು ಯಾಕೆ ಹಿಡೀಲಿಲ್ಲ?"

ಅಕ್ಕನಿಗೆ ಗೊತ್ತಿದ್ದ ಉತ್ತರ ಒಂದೇ. ಅದನ್ನೇ ಹೇಳಿದಳು.

"ಅವರು ಸರೀತಾರೆ ಅಂದ್ಕೊಂಡಿದ್ದನಂತೆ."

ಆಕೆ ಸ್ಕೂಟರಿನ ಸೀಟಿನ ಮೇಲೆ ಕೈಯೂರಿ ನಿಂತರು. ಬೀದಿಯ ಕಡೆ ಒಮ್ಮೆ ನೋಡಿದರು, ಅಲ್ಲಿ ಯಾರೂ ಇರಲಿಲ್ಲ.

"ಸರೀತಿದ್ರಮ್ಮ," ಅಂದರು. "ಸರಿಯೋ ಮನುಷ್ಯರೇ ಅವರು. ಒಂದು ಗಳಿಗೆ ಪುರುಸೊತ್ತು ಕೊಡಬೇಕಿತ್ತು."

ಕೀ ಇನ್ನೂ ಅಕ್ಕನ ಕೈಯಲ್ಲೇ ಇತ್ತು. ಅದನ್ನು ಕೊಡಬೇಕೆಂದು ಅವಳಿಗೆ ಗೊತ್ತಿತ್ತು, ಬೆರಳು ಬಿಡಿಸಲು ಆಗುತ್ತಿರಲಿಲ್ಲ. ಆಕೆಯೇ ಒಂದೊಂದಾಗಿ ಬೆರಳು ಬಿಡಿಸಿ ಕೀ ತೆಗೆದುಕೊಂಡು ಒಳಗೆ ಹೋದರು.